ತಥಾಸ್ತು ದೇವತೆಗಳ ಹೊಸ ವ್ಯಾಪಾರ

ದೀಪ ಹಚ್ಚುವ ಹೊತ್ತಿನಲ್ಲಿ ಕೆಟ್ಟ ಮಾತಾಡಬಾರದು ಅನ್ನುವುದು ನಮ್ಮ ಮನೆಗಳ ಹಳೆಯ ಕಾನೂನು. ಆ ಸಮಯಕ್ಕೆ ಅಶ್ವಿನಿ ದೇವತೆಗಳು ಮಾಡಿನ ಮೇಲೆ ಓಡಾಡುತ್ತಿರುತ್ತಾರೆ, ಕೆಳಗಿನವರು ಏನೇ ಅಂದರೂ ‘ತಥಾಸ್ತು’ ಅಂದುಬಿಡುತ್ತಾರೆ ಎಂಬ ನಂಬಿಕೆ. ಮಗು ಬಾಯಿತಪ್ಪಿ ‘ನಾನು ಸತ್ತುಹೋದ್ರೆ ಏನಾಗತ್ತೆ?’ ಅಂದರೆ ಅಜ್ಜಿ ಹೌಹಾರಿ ‘ಬಿಡ್ತು ಅನ್ನು, ಬಿಡ್ತು ಅನ್ನು’ ಎನ್ನುತ್ತಿದ್ದರು. ಮಗು ‘ಬಿಡ್ತು’ ಅಂದು ಆಟಕ್ಕೆ ಓಡುತ್ತಿತ್ತು. ಪ್ರಕರಣ ಅಲ್ಲಿಗೆ ಮುಗಿಯಿತು. ಮೂಢನಂಬಿಕೆಯೇ ಇರಬಹುದು, ಆದರೆ ಅದಕ್ಕೊಂದು ಮರ್ಯಾದೆ ಇತ್ತು. ಬಾಯಿಂದ ಹೊರಬಿದ್ದ ಮಾತಿನ ಮೇಲಷ್ಟೇ ಅದರ ಅಧಿಕಾರ; ಮನಸ್ಸಿನೊಳಗೆ ಇಣುಕಿ ನೋಡುತ್ತಿರಲಿಲ್ಲ. ತಪ್ಪಿಗೆ ಪರಿಹಾರವೂ ಒಂದೇ ಪದದಲ್ಲಿ, ಅದೂ ಪುಕ್ಕಟೆ.

ಆ ದೇವತೆಗಳು ಈಗ ಕೋಟು ತೊಟ್ಟು, ಕೆನ್ನೆಗೆ ಮೈಕು ಅಂಟಿಸಿಕೊಂಡು ಸಭಾಂಗಣಗಳಿಗೆ ಇಳಿದಿದ್ದಾರೆ. ‘ನೀವು ಏನು ಯೋಚಿಸುತ್ತೀರೋ ಅದೇ ಆಗುತ್ತೀರಿ’ ಎಂಬುದು ಇವರ ತಥಾಸ್ತು. ಪರೀಕ್ಷೆಗೆ ಮುಂಚೆ ಪಿಯುಸಿ ಮಕ್ಕಳಿಗೆ, ತಿಂಗಳ ಕೊನೆಯಲ್ಲಿ ಸೇಲ್ಸ್ ಹುಡುಗರಿಗೆ, ಮದುವೆ ಮುರಿದವರಿಗೆ, ಕೀಮೋ ತೆಗೆದುಕೊಳ್ಳುತ್ತಿರುವವರಿಗೆ, ಎಲ್ಲರಿಗೂ ಒಂದೇ ಮಾತ್ರೆ: ನೆಗೆಟಿವ್ ಯೋಚನೆಯನ್ನು ತಲೆಯಿಂದ ಕಿತ್ತು ಹಾಕಿ, ಆ ಜಾಗದಲ್ಲಿ ಪಾಸಿಟಿವ್ ತುಂಬಿ. ಅಜ್ಜಿ ನಾಲಿಗೆಗಷ್ಟೇ ಹಾಕಿದ್ದ ನಿರ್ಬಂಧವನ್ನು ಇವರು ತಲೆಯೊಳಕ್ಕೂ ವಿಸ್ತರಿಸಿದ್ದಾರೆ. ‘ಬಿಡ್ತು’ ಎಂಬ ರಿಯಾಯಿತಿಯನ್ನು ಮಾತ್ರ ಕಿತ್ತುಕೊಂಡಿದ್ದಾರೆ.

‘ಒಳ್ಳೆಯದನ್ನೇ ಯೋಚಿಸು ಅಂದ್ರೆ ತಪ್ಪೇನ್ರೀ?’ ಎಂದು ಸಜ್ಜನರು ಕೇಳುತ್ತಾರೆ. ತಪ್ಪಿದೆ, ದೊಡ್ಡ ತಪ್ಪೇ ಇದೆ. ಈ ಉಪದೇಶ ಯೋಚನೆಗೆ ಇಲ್ಲದ ಶಕ್ತಿಯನ್ನು ಮೊದಲು ಆರೋಪಿಸುತ್ತದೆ, ಆಮೇಲೆ ಅದಕ್ಕೆ ಹೆದರುವುದನ್ನು ಕಲಿಸುತ್ತದೆ, ಕೊನೆಗೆ ಬರಿಗೈಯಲ್ಲಿ ಅದರ ಜೊತೆ ಹೊಡೆದಾಡಲು ಕಳಿಸುತ್ತದೆ. ತಲೆಯಲ್ಲಿ ಹುಟ್ಟುವ ಬೇಡದ ಯೋಚನೆಯನ್ನು ಓಡಿಸಬೇಕಾಗಿಯೂ ಇಲ್ಲ, ಅದು ಹೇಳಿದಂತೆ ಕುಣಿಯಬೇಕಾಗಿಯೂ ಇಲ್ಲ. ಅದರಿಂದ ಒಂದು ಮಾರು ಆಚೆ ನಿಂತು, ಅದು ಅಲ್ಲಿರುವಾಗಲೇ ನಮ್ಮ ಕೆಲಸ ನಾವು ಮಾಡಿಕೊಂಡು ಹೋಗುವುದನ್ನು ಕಲಿಯಬಹುದು. ಸೈಕಲ್ ಕಲಿಯುವಂತೆ ಬಿದ್ದು ಎದ್ದು ಕಲಿಯುವ ವಿದ್ಯೆ ಅದು. ಸಭಾಂಗಣದ ದೇವತೆಗಳು ಇದನ್ನು ಹೇಳಿಕೊಡುವುದಿಲ್ಲ. ಹೇಳಿಕೊಟ್ಟರೆ ಮುಂದಿನ ಶಿಬಿರಕ್ಕೆ ಜನ ಬರುವುದು ಅನುಮಾನ.

ಈ ಸರಕು ಎಲ್ಲಿಂದ ಬಂತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಇದನ್ನು ಋಷಿಗಳ ಕೊಡುಗೆ ಎಂದು ನಂಬಿಸಲಾಗಿದೆ. ಫ್ರಾನ್ಸಿನ ನಾನ್ಸಿ ಊರಿನಲ್ಲಿ ಎಮಿಲ್ ಕುಎ ಎಂಬ ಮಾಜಿ ಔಷಧಿ ಅಂಗಡಿಯವರಿದ್ದರು. ದಿನದಿನಕ್ಕೂ ನಾನು ಎಲ್ಲ ಬಗೆಯಲ್ಲೂ ಸುಧಾರಿಸುತ್ತಿದ್ದೇನೆ ಎಂಬರ್ಥದ ಒಂದು ವಾಕ್ಯವನ್ನು ಬೆಳಿಗ್ಗೆ ರಾತ್ರಿ ಇಪ್ಪತ್ತಿಪ್ಪತ್ತು ಬಾರಿ ಜಪಿಸಲು ಹೇಳುತ್ತಿದ್ದರು. ಎಣಿಕೆ ತಪ್ಪದಿರಲಿ ಅಂತ ದಾರಕ್ಕೆ ಇಪ್ಪತ್ತು ಗಂಟು ಬೇರೆ. ಕುಎ ಸಾಧು ಮನುಷ್ಯ, ದುಡ್ಡು ಮಾಡಿದವರಲ್ಲ. ದುಡ್ಡು ಮಾಡಿದ್ದು ಅಟ್ಲಾಂಟಿಕ್ ದಾಟಿದ ಮೇಲೆ. 1937ರಲ್ಲಿ ನೆಪೋಲಿಯನ್ ಹಿಲ್ ಯೋಚಿಸಿಯೇ ಶ್ರೀಮಂತರಾಗುವ ದಾರಿ ತೋರಿಸಿದರು. 1952ರಲ್ಲಿ ನಾರ್ಮನ್ ವಿನ್ಸೆಂಟ್ ಪೀಲ್ ಎಂಬ ಪಾದ್ರಿ ಅದನ್ನು ಧರ್ಮೋಪದೇಶವಾಗಿ ಮಾರಿದರು. 2006ರಲ್ಲಿ ರೋಂಡಾ ಬರ್ನ್ ‘ದಿ ಸೀಕ್ರೆಟ್’ನಲ್ಲಿ ಇಡೀ ಬ್ರಹ್ಮಾಂಡವನ್ನೇ ಮನೆಬಾಗಿಲಿಗೆ ಸಾಮಾನು ತಲುಪಿಸುವ ಕಂಪನಿ ಮಾಡಿಬಿಟ್ಟರು. ನಮ್ಮವರು ಅದರ ಮೇಲೆ ಒಂದು ತುಂಡು ಸಂಸ್ಕೃತ ಅಂಟಿಸಿ, ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಿಂದ ವಾಟ್ಸ್ಯಾಪಿನ ಶುಭೋದಯದವರೆಗೆ ಹರಡಿದರು. ಅಮೆರಿಕದ ಮಾರಾಟಗಾರನ ಹುರುಪು ಹೀಗೆ ಸನಾತನವಾಯಿತು.

ಇದರ ಮೊದಲ ಆಜ್ಞೆ, ಕೆಟ್ಟ ಯೋಚನೆ ಮಾಡಬೇಡ. ಇದು ನಡೆಯುವ ಮಾತಲ್ಲ ಅನ್ನುವುದು ನಮ್ಮ ಜನಪದರಿಗೆ ಎಂದೋ ಗೊತ್ತಿತ್ತು. ಕೋತಿಯನ್ನು ನೆನೆಯದೆ ಔಷಧಿ ಕುಡಿ ಎಂದು ಪಥ್ಯ ಹೇಳಿದ ಪಂಡಿತನ ಕತೆ ಕೇಳದವರಾರು? ಆ ರೋಗಿಗೆ ಹುಟ್ಟಿದಾಗಿನಿಂದ ಕೋತಿಯ ಚಿಂತೆ ಇರಲಿಲ್ಲ. ಅವತ್ತಿನಿಂದ ಔಷಧಿ ಬಟ್ಟಲು ಎತ್ತಿದರೆ ಸಾಕು, ಕೋತಿ ಹಾಜರ್. ಔಷಧಿ ಫಲಿಸಲಿಲ್ಲ ಅಂದರೆ ತಪ್ಪು ಪಂಡಿತನದಲ್ಲ, ಕೋತಿ ನೆನೆದ ರೋಗಿಯದು. ಇಂದಿನ ಶಿಬಿರಗಳ ವ್ಯಾಪಾರ ಸೂತ್ರ ಪೂರ್ತಿಯಾಗಿ ಆ ಕತೆಯಲ್ಲಿದೆ.

ಕೋತಿಯ ಬದಲು ಬಿಳಿ ಕರಡಿಯನ್ನಿಟ್ಟು ಇದನ್ನೇ ಪ್ರಯೋಗಶಾಲೆಗೆ ತಂದವರು ಮನೋವಿಜ್ಞಾನಿ ಡೇನಿಯಲ್ ವೆಗ್ನರ್. ದಾಸ್ತಯೇವ್ಸ್ಕಿ 1863ರ ತನ್ನ ಪ್ರವಾಸ ಬರಹದಲ್ಲಿ ಹಿಮಕರಡಿಯನ್ನು ನೆನೆಯದಿರಲು ಪ್ರಯತ್ನಿಸಿ ನೋಡಿ ಎಂದು ಸವಾಲೆಸೆದಿದ್ದ. ಕರಡಿ ಅಲ್ಲಿಂದ ಬಂದದ್ದು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ಊರಿನ ಟ್ರಿನಿಟಿ ವಿಶ್ವವಿದ್ಯಾಲಯದಲ್ಲಿದ್ದ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ಮನಸ್ಸಿಗೆ ಬಂದದ್ದನ್ನೆಲ್ಲ ಐದು ನಿಮಿಷ ಬಾಯಿಬಿಟ್ಟು ಹೇಳುತ್ತಾ ಹೋಗಿ, ಬಿಳಿ ಕರಡಿಯ ಯೋಚನೆ ಮಾತ್ರ ಬೇಡ, ಬಂದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಸ್ವಾರಸ್ಯ ಇರುವುದು ಮುಂದಿನ ಐದು ನಿಮಿಷದಲ್ಲಿ. ಈಗ ಬೇಕಾದರೆ ಕರಡಿಯನ್ನು ಯೋಚಿಸಿ ಎಂದಾಗ, ಮೊದಲಿಂದಲೇ ಅನುಮತಿ ಪಡೆದಿದ್ದ ಗುಂಪಿಗಿಂತ ತಡೆದುಕೊಂಡಿದ್ದ ಗುಂಪಿಗೇ ಕರಡಿ ಹೆಚ್ಚು ಕಾಡಿತು. ಒಂದು ಯೋಚನೆ ಬರದಂತೆ ನೋಡಿಕೊಳ್ಳಬೇಕಾದರೆ, ಅದು ಬಂತೇ ಎಂದು ಮನಸ್ಸಿನ ಒಂದು ಭಾಗ ಸದಾ ಇಣುಕಿ ನೋಡುತ್ತಿರಬೇಕಾಗುತ್ತದೆ. ಆ ಇಣುಕುವಿಕೆಯೇ ಅದನ್ನು ಜೀವಂತ ಇಡುತ್ತದೆ ಎಂದು 1994ರಲ್ಲಿ ವೆಗ್ನರ್ ಕಾರಣ ಕೊಟ್ಟರು. ದಣಿದಿದ್ದಾಗ, ಆತಂಕದಲ್ಲಿದ್ದಾಗ ತಡೆಯುವ ಶಕ್ತಿ ಕುಂದುತ್ತದೆ, ಇಣುಕುವ ಚಾಳಿ ಮಾತ್ರ ಹಾಗೇ ಇರುತ್ತದೆ. ಯೋಚನೆ ನಿಲ್ಲಿಸು ಎಂಬ ಉಪದೇಶ ಜನಕ್ಕೆ ಸಿಗುವುದೇ ದಣಿದಿದ್ದಾಗ, ಆತಂಕದಲ್ಲಿದ್ದಾಗ.

ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಆಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದವರು ಈ ಮರುಕಳಿಸುವಿಕೆ ಅಷ್ಟೇನೂ ದೊಡ್ಡದಲ್ಲ, ಎಲ್ಲ ಸಂದರ್ಭದಲ್ಲೂ ಒಂದೇ ಸಮನಾಗಿ ಕಾಣುವುದಿಲ್ಲ ಎಂದಿದ್ದಾರೆ. ಒಪ್ಪೋಣ. ಅಷ್ಟರಿಂದ ‘ತಡೆದರೆ ಹೋಗುತ್ತದೆ’ ಎಂದಾಗಲಿಲ್ಲವಲ್ಲ. ಮನೋಚಿಕಿತ್ಸಕರೇ ಒಂದು ಕಾಲಕ್ಕೆ ಈ ಬಲೆಗೆ ಬಿದ್ದಿದ್ದರು. ರೋಗಿ ಕಣ್ಣು ಮುಚ್ಚಿ ಕಾಡುವ ಯೋಚನೆಯನ್ನು ತಂದುಕೊಂಡ ಕೂಡಲೇ ಚಿಕಿತ್ಸಕ ‘ನಿಲ್ಲಿಸು!’ ಎಂದು ಕೂಗುವುದು, ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಸಿ ಪ್ರತಿ ಯೋಚನೆಗೂ ಚಟ್ ಎಂದು ಹೊಡೆದುಕೊಳ್ಳಲು ಹೇಳುವುದು, ಇವೆಲ್ಲ ಚಿಕಿತ್ಸೆ ಎನಿಸಿಕೊಂಡಿದ್ದವು. ಮನೋಚಿಕಿತ್ಸೆ ಬಹುಮಟ್ಟಿಗೆ ಅವನ್ನು ಕೈಬಿಟ್ಟು ಮುಂದೆ ಬಂದಿದೆ. ಅದು ಬಿಸಾಡಿದ ರಬ್ಬರ್ ಬ್ಯಾಂಡನ್ನು ಹೆಕ್ಕಿ ತಂದು ನಮ್ಮ ಪ್ರೇರಣಾ ಭಾಷಣಕಾರರು ಹೊಸ ಆವಿಷ್ಕಾರದಂತೆ ತೋರಿಸುತ್ತಾರೆ.

ಎರಡನೆಯ ಆಜ್ಞೆ, ಒಳ್ಳೆಯದನ್ನು ಜಪಿಸು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಪರೀಕ್ಷಿಸಿದರು. ನಾನು ಪ್ರೀತಿಗೆ ಅರ್ಹ ವ್ಯಕ್ತಿ ಎಂಬರ್ಥದ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಳ್ಳಬೇಕು, ಆಮೇಲೆ ಮನಸ್ಸು ಹೇಗಿದೆ ನೋಡಬೇಕು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಅಲ್ಪಸ್ವಲ್ಪ ಹಿತವಾಯಿತು. ತಮ್ಮನ್ನು ತಾವು ಹಳಿದುಕೊಳ್ಳುವ ಸ್ವಭಾವದವರಿಗೆ, ಜಪ ಮಾಡದೆ ಸುಮ್ಮನಿದ್ದ ಅಂಥವರಿಗಿಂತ ಮನಸ್ಸು ಇನ್ನಷ್ಟು ಕೆಟ್ಟಿತು. ಅಂದರೆ ಈ ಔಷಧಿ ಆರೋಗ್ಯವಂತನಿಗೆ ಟಾನಿಕ್, ರೋಗಿಗೆ ವಿಷ. ಕಾರಣ ಊಹಿಸುವುದು ಕಷ್ಟವಲ್ಲ. ಪಿಯುಸಿ ಹಾಸ್ಟೆಲಿನ ಗೋಡೆಗೆ ‘ನಾನು ಟಾಪರ್’ ಎಂದು ಚೀಟಿ ಅಂಟಿಸಿಕೊಂಡ ಹುಡುಗನ ತಲೆ ಪ್ರತಿ ಸಲವೂ ‘ಕಳೆದ ಟೆಸ್ಟಿನಲ್ಲಿ ಬಂದದ್ದು ಎಷ್ಟು, ಹೇಳು?’ ಎಂದು ಪಾಟೀಸವಾಲು ಹಾಕುತ್ತದೆ. ಚೀಟಿಯೇ ಸಾಕ್ಷಿಯನ್ನು ಕಟಕಟೆಗೆ ಕರೆಸುತ್ತದೆ.

ಜರ್ಮನಿಯಲ್ಲಿ ಗೇಬ್ರಿಯೆಲ್ ಎಟಿಂಗನ್ ಅವರ ಕೆಲಸ ಇನ್ನೂ ಮುಜುಗರದ್ದು. ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದವರಲ್ಲಿ, ಯಶಸ್ಸಿನ ಸಿಹಿ ಕಲ್ಪನೆಯಲ್ಲಿ ಹೆಚ್ಚು ತೇಲಿದವರಿಗೆ ಎರಡು ವರ್ಷದ ಮೇಲೆ ನೋಡಿದರೆ ಬಂದ ಕೆಲಸದ ಕರೆಗಳೂ ಕಡಿಮೆ, ಸಂಬಳವೂ ಕಡಿಮೆ. 2002ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲೇ ಇನ್ನೊಂದು ಅಂಶವಿದೆ. ಕೆಲಸ ಸಿಗುವ ಸಾಧ್ಯತೆ ಇದೆ ಎಂದು ಅಂದಾಜು ಹಾಕಿದವರು ಹಿಂದೆ ಬೀಳಲಿಲ್ಲ. ಅನುಭವದ ಲೆಕ್ಕಾಚಾರದಿಂದ ಹುಟ್ಟಿದ ಭರವಸೆ ಒಂದು, ಕಣ್ಣುಮುಚ್ಚಿ ನೋಡುವ ಸಿನಿಮಾ ಇನ್ನೊಂದು. ಶಿಬಿರಗಳಲ್ಲಿ ಮಾರಾಟವಾಗುವುದು ಸಿನಿಮಾ.

ಇಷ್ಟೇ ಆಗಿದ್ದರೆ ಇದನ್ನು ಹಣ ಕಳೆದುಕೊಂಡವರ ಕತೆ ಎಂದು ಬಿಟ್ಟುಬಿಡಬಹುದಿತ್ತು. ನನ್ನ ಸಿಟ್ಟು ಇರುವುದು ಬೇರೆ ಕಡೆ, ಬಾಣಂತಿಯ ಕೋಣೆಯಲ್ಲಿ.

ಹೆರಿಗೆಯಾಗಿ ಮೂರು ವಾರ. ನಿದ್ದೆಯಿಲ್ಲ. ಅಡುಗೆಮನೆಯಲ್ಲಿ ಈಳಿಗೆಮಣೆ ಕಾಣುತ್ತದೆ, ತೋಳಿನಲ್ಲಿ ಮಗು ಇದೆ, ಮನಸ್ಸಿನಲ್ಲಿ ಇದ್ದಕ್ಕಿದ್ದಂತೆ ಒಂದು ಚಿತ್ರ: ಈ ಮಗುವನ್ನು ನಾನೇ ಏನಾದರೂ ಮಾಡಿಬಿಟ್ಟರೆ? ಅವಳ ಎದೆ ಧಸಕ್ಕೆನ್ನುತ್ತದೆ. ಇಂಥ ಯೋಚನೆ ಯಾವ ತಾಯಿಗಾದರೂ ಬರುತ್ತದೆಯೇ? ಬರುತ್ತದೆ, ಬಹಳ ಮಂದಿಗೆ ಬರುತ್ತದೆ. ಕೆನಡಾದಲ್ಲಿ ನಿಕೋಲ್ ಫೇರ್‌ಬ್ರದರ್ ಮತ್ತು ಶೀಲಾ ವುಡಿ ಹೊಸ ತಾಯಂದಿರನ್ನು ಕೇಳಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಗುವಿಗೆ ಅಕಸ್ಮಾತ್ ಅಪಾಯವಾಗುವ ಕಲ್ಪನೆ ಹೆಚ್ಚುಕಮ್ಮಿ ಎಲ್ಲರಿಗೂ ಬಂದಿತ್ತು; ತಾನೇ ಬೇಕೆಂದು ನೋಯಿಸುವ ಬೇಡದ ಯೋಚನೆ ಸುಮಾರು ಅರ್ಧದಷ್ಟು ತಾಯಂದಿರಿಗೆ ಬಂದಿತ್ತು. ಅವರು ರಾಕ್ಷಸಿಯರಲ್ಲ. ಮಗುವಿನ ಸುರಕ್ಷತೆಯ ಬಗ್ಗೆ ಅತಿ ಎಚ್ಚರದಲ್ಲಿರುವ ಮನಸ್ಸು ಎಲ್ಲ ಅಪಾಯಗಳನ್ನೂ ಊಹಿಸುತ್ತದೆ, ಆ ಪಟ್ಟಿಯಲ್ಲಿ ತನ್ನನ್ನೂ ಸೇರಿಸುತ್ತದೆ.

ನಮ್ಮ ಮನೆಗಳಲ್ಲಿ ಅವಳು ಇದನ್ನು ಯಾರಿಗೆ ಹೇಳಬೇಕು? ‘ಬಾಣಂತಿ ಕೆಟ್ಟದ್ದು ಯೋಚಿಸಬಾರದು, ಹಾಲು ಕೆಡುತ್ತೆ’ ಎಂದು ಅತ್ತೆ ಮೊದಲೇ ಹೇಳಿಯಾಗಿದೆ. ಯೋಚಿಸಿದ್ದು ಆಗುತ್ತದೆ ಎಂದು ಮೊಬೈಲಿನ ಗುರು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಾರೆ. ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕುತ್ತಾಳೆ. ಮಗುವಿಗೆ ನೀರು ಹಾಕುವ ಕೆಲಸವನ್ನು ತನ್ನ ತಾಯಿಗೆ ವಹಿಸಿ ಬಚ್ಚಲ ಹತ್ತಿರವೂ ಸುಳಿಯುವುದಿಲ್ಲ. ಒಬ್ಬಳೇ ಇರಲು ಹೆದರುತ್ತಾಳೆ. ದೇವರ ನಾಮವನ್ನು ಜೋರಾಗಿ ಹೇಳಿಕೊಳ್ಳುತ್ತಾಳೆ. ಪ್ರತಿ ಮುಂಜಾಗ್ರತೆಯೂ ಅವಳಿಗೆ ‘ನೋಡು, ನೀನು ನಿಜಕ್ಕೂ ಅಪಾಯಕಾರಿ, ಇಲ್ಲದಿದ್ದರೆ ಇಷ್ಟೆಲ್ಲ ಏಕೆ ಬೇಕಿತ್ತು?’ ಎಂದು ಸಾಬೀತು ಮಾಡುತ್ತಾ ಹೋಗುತ್ತದೆ. ಒಂದು ಕ್ಷಣದಲ್ಲಿ ಬಂದು ಹೋಗಬೇಕಾದ ಚಿತ್ರ ಹೀಗೆ ಕಾಯಂ ಆಗುತ್ತದೆ. ಅದನ್ನು ಕಾಯಂ ಮಾಡಿದ್ದು ಯೋಚನೆಗೂ ಕೃತ್ಯಕ್ಕೂ ನಡುವಿನ ಗೋಡೆಯನ್ನು ಕೆಡವಿದ ಆ ಉಪದೇಶ. ಮನೋವಿಜ್ಞಾನಿ ಜ್ಯಾಕ್ ರಾಕ್ಮನ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಈ ನಂಬಿಕೆಯನ್ನೇ ಅಳೆದು ನೋಡಿದರು. ಯೋಚಿಸಿದರೆ ಮಾಡಿದಷ್ಟೇ ಪಾಪ, ಯೋಚಿಸಿದರೆ ಆಗುವ ಸಂಭವ ಹೆಚ್ಚು ಎಂಬ ಎರಡು ಎಳೆಗಳು ಅದರಲ್ಲಿವೆ. ಗೀಳು ಕಾಯಿಲೆಯವರಲ್ಲಿ ಅವು ಬಲವಾಗಿ ಕಾಣುತ್ತವೆ. ಎರಡನೆಯ ಎಳೆಯನ್ನು ಟಿಕೆಟ್ ಇಟ್ಟು ಕಲಿಸುವವರನ್ನು ನಾವು ಜೀವನ ಕಲೆಯ ಗುರುಗಳೆಂದು ಕರೆದು ಹಾರ ಹಾಕುತ್ತಿದ್ದೇವೆ.

ಇದೇ ರಾಕ್ಮನ್, ಲಂಡನ್ನಿನಲ್ಲಿ ಪದ್ಮಲ್ ಡಿ ಸಿಲ್ವ ಎಂಬ ಶ್ರೀಲಂಕಾ ಮೂಲದ ಸಹೋದ್ಯೋಗಿಯ ಜೊತೆ 1978ರಲ್ಲಿ ಪ್ರಕಟಿಸಿದ ಒಂದು ಪ್ರಬಂಧವನ್ನು ಪ್ರತಿ ಹೆರಿಗೆ ಆಸ್ಪತ್ರೆಯ ಗೋಡೆಗೆ ಬರೆಸಬೇಕು ಅನ್ನಿಸುತ್ತದೆ ನನಗೆ. ಕಾಯಿಲೆ ಇಲ್ಲದ ಮಾಮೂಲಿ ಜನರಲ್ಲಿ ಐದರಲ್ಲಿ ಸುಮಾರು ನಾಲ್ವರಿಗೆ ಇಂಥ ಬೇಡದ, ಅಸಹ್ಯದ, ಹಿಂಸೆಯ ಯೋಚನೆಗಳು ಬರುತ್ತವೆ. ಗೀಳು ಕಾಯಿಲೆಯವರ ಯೋಚನೆಗಳಿಗೂ ಇವಕ್ಕೂ ವಿಷಯದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಅವು ಎಷ್ಟು ಸಲ ಬರುತ್ತವೆ, ಎಷ್ಟು ಹೊತ್ತು ಕಾಡುತ್ತವೆ, ಎಷ್ಟು ಹಿಂಸಿಸುತ್ತವೆ ಎನ್ನುವುದರಲ್ಲಿ. 2014ರಲ್ಲಿ ಹದಿಮೂರು ದೇಶಗಳ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ ನೂರಕ್ಕೆ 94 ಮಂದಿ ಹಿಂದಿನ ಮೂರು ತಿಂಗಳಲ್ಲಿ ಕನಿಷ್ಠ ಒಂದು ಇಂಥ ಯೋಚನೆ ಬಂದದ್ದನ್ನು ಒಪ್ಪಿಕೊಂಡರು. ಕೆಟ್ಟ ಯೋಚನೆ ಬರದ ತಲೆಯೇ ಅಪರೂಪವಾಗಿರುವಾಗ, ಅದು ಬಾರದಂತೆ ಮಾಡಿಕೊಡುತ್ತೇನೆ ಅನ್ನುವುದಕ್ಕೆ ವ್ಯಾಪಾರದ ಭಾಷೆಯಲ್ಲಿ ಬೇರೆ ಹೆಸರಿದೆ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. ಮಗುವನ್ನು ನೋಯಿಸುವ ಯೋಚನೆ ಕಂಡು ತಾಯಿಗೇ ಭಯ, ಅಸಹ್ಯ ಆಗುತ್ತಿದ್ದರೆ ಅದು ಒಂದು ಬಗೆ. ಸಾವಿರ ಹೆರಿಗೆಗೆ ಒಂದೆರಡರಂತೆ ಬರುವ ಬಾಣಂತಿ ಸನ್ನಿ ಬೇರೆಯೇ. ಅಲ್ಲಿ ತಾಯಿ ಇಲ್ಲದ ದನಿ ಕೇಳಿಸಿಕೊಳ್ಳಬಹುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಹುಟ್ಟಬಹುದು, ಆ ಯೋಚನೆ ಅವಳಿಗೆ ಪರಕೀಯ ಅನ್ನಿಸದೇ ಹೋಗಬಹುದು. ಅದು ತುರ್ತು, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2009ರಿಂದ ಇದೆ. ಯಾವುದು ಯಾವುದೆಂದು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ ಕೇಳಬಹುದು. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಅದು. ಗಮನಿಸಿ: ಎರಡೂ ಸಂದರ್ಭಗಳಲ್ಲಿ ಮೊದಲು ಬೇಕಾದದ್ದು ಅವಳು ಬಾಯಿಬಿಟ್ಟು ಹೇಳುವುದು. ಪಾಸಿಟಿವ್ ಉಪದೇಶ ಮಾಡುವುದು ಬಾಯಿ ಕಟ್ಟುವ ಕೆಲಸ.

ಕ್ಯಾನ್ಸರ್ ವಾರ್ಡಿನಲ್ಲಿ ಈ ಉಪದೇಶ ಇನ್ನೂ ನಿರ್ಲಜ್ಜ. ‘ಫೈಟಿಂಗ್ ಸ್ಪಿರಿಟ್ ಇದ್ರೆ ಗೆಲ್ತೀರಿ ಸಾರ್’ ಎನ್ನುವ ಭೇಟಿಗಾರರಿಗೆ ತಮ್ಮ ಮಾತಿನ ಇನ್ನೊಂದು ತುದಿ ಕಾಣುವುದಿಲ್ಲ. ಗೆಲ್ಲದವನು ಸರಿಯಾಗಿ ಯೋಚಿಸಲಿಲ್ಲ ಎಂದು ತಾನೇ ಅದರ ಅರ್ಥ? ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ 1,093 ರೋಗಿಗಳನ್ನು ಹಿಂಬಾಲಿಸಿದ ಜೇಮ್ಸ್ ಕಾಯ್ನ್ ತಂಡ, ರೋಗಿಯ ಮನಃಸ್ಥಿತಿಗೂ ಎಷ್ಟು ಕಾಲ ಬದುಕಿದ ಎನ್ನುವುದಕ್ಕೂ ಸಂಬಂಧ ಕಾಣಲಿಲ್ಲ ಎಂದು 2007ರಲ್ಲಿ ವರದಿ ಮಾಡಿತು. ತಂಬಾಕು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಇಷ್ಟೊಂದಿರುವ ನಮ್ಮ ನಾಡಿಗೆ ಇದು ದೂರದ ಸುದ್ದಿಯಲ್ಲ. ಸ್ತನ ಕ್ಯಾನ್ಸರ್ ಬಂದಾಗ ಸುತ್ತಲಿನವರ ನಗುಮುಖದ ಬಲವಂತಕ್ಕೆ ರೋಸಿಹೋದ ಅಮೆರಿಕದ ಲೇಖಕಿ ಬಾರ್ಬರಾ ಎರೆನ್‌ರೈಕ್ 2009ರಲ್ಲಿ ಇಡೀ ಪುಸ್ತಕವನ್ನೇ ಬರೆದರು. ಸಾಯುವವನಿಗೆ ಅಳುವ ಹಕ್ಕನ್ನಾದರೂ ಬಿಡಿ.

ಹಾಗಾದರೆ ದೂರ ನಿಲ್ಲುವುದು ಎಂದರೇನು? ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳನ್ನು ನೋಡುವಾಗ, ಅವರ ತಲೆಯಲ್ಲಿ ತಾನೇತಾನಾಗಿ ಹಾದುಹೋಗುವ ಚಿಕ್ಕ ಚಿಕ್ಕ ವಾಕ್ಯಗಳನ್ನು ಗುರುತಿಸಿದರು. ಆ ವಾಕ್ಯವನ್ನು ಸತ್ಯವೆಂದಲ್ಲ, ತಲೆಗೆ ಬಂದ ಒಂದು ಊಹೆ ಎಂದು ನೋಡುವುದೇ ಗುಣವಾಗುವ ದಾರಿಯ ಮೊದಲ ಮೆಟ್ಟಿಲು ಎಂದರು. ಬೆಕ್ ಅಲ್ಲಿಂದ ಆ ಊಹೆಯನ್ನು ಪರೀಕ್ಷಿಸಲು ಹೊರಟರು: ಪುರಾವೆ ಏನು, ಬೇರೆ ವಿವರಣೆ ಇದೆಯೇ? ನೆವಾಡಾದ ಸ್ಟೀವನ್ ಹೇಯ್ಸ್, ತಾವೇ ತೀವ್ರ ಗಾಬರಿಯ ದಾಳಿಗಳಿಂದ ನರಳಿದವರು, ಮೊದಲ ಮೆಟ್ಟಿಲಿನ ಮೇಲೆಯೇ ಹೆಚ್ಚು ಹೊತ್ತು ನಿಂತರು. ಯೋಚನೆಯ ಜೊತೆ ವಾದಕ್ಕೇ ಇಳಿಯದಿದ್ದರೆ? 1999ರಲ್ಲಿ ಸಂಗಡಿಗರೊಂದಿಗೆ ಪುಸ್ತಕವಾಗಿ ಹೊರಬಂದ ಅವರ ಪದ್ಧತಿ ಈಗ ಜಗತ್ತಿನ ಅನೇಕ ಕಡೆ ಬಳಕೆಯಲ್ಲಿದೆ.

ಅದರ ಸಾಧನಗಳು ನೋಡಲು ನಗು ಬರುವಷ್ಟು ಸಾದಾ. ‘ನಾನು ಕೆಲಸಕ್ಕೆ ಬಾರದವನು’ ಎಂದು ತಲೆ ಹೇಳಿದರೆ, ‘ನಾನು ಕೆಲಸಕ್ಕೆ ಬಾರದವನು ಎಂಬ ಯೋಚನೆ ನನಗೆ ಬರುತ್ತಿದೆ’ ಎಂದು ಉದ್ದ ಮಾಡಿ ಹೇಳಿಕೊಳ್ಳುವುದು. ಆ ನಾಲ್ಕು ಪದ ಸೇರಿದಾಗ ವಾಕ್ಯದ ಕರ್ತೃ ಬದಲಾಗುತ್ತಾನೆ. ಕೆಲಸಕ್ಕೆ ಬಾರದವನ ಜಾಗದಲ್ಲಿ ನೋಡುತ್ತಿರುವವನು ಬಂದು ಕೂರುತ್ತಾನೆ. ಇನ್ನೊಂದು, ಕಾರ್ನೆಲ್ ವಿಶ್ವವಿದ್ಯಾಲಯದ ಟಿಚನರ್ ನೂರು ವರ್ಷಕ್ಕೂ ಹಿಂದೆ ಗಮನಿಸಿದ್ದು: ಯಾವುದೇ ಪದವನ್ನು ಬೇಗ ಬೇಗ ಹೇಳುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಅರ್ಥ ಸೋರಿಹೋಗಿ ಬರೀ ಸದ್ದು ಉಳಿಯುತ್ತದೆ. ‘ದಡ್ಡ’ ಎಂಬ ಪದ ನಿಮ್ಮನ್ನು ಶಾಲೆಯ ದಿನಗಳಿಂದ ಕಾಡುತ್ತಿದ್ದರೆ ಬಾಗಿಲು ಹಾಕಿಕೊಂಡು ಅರ್ಧ ನಿಮಿಷ ಗಟ್ಟಿಯಾಗಿ ‘ದಡ್ಡ ದಡ್ಡ ದಡ್ಡ’ ಎಂದು ಹೇಳಿ ನೋಡಿ. ಚಂಡೆಯ ಬಾಯಿತಾಳದ ಹಾಗೆ ಕೇಳಿಸತೊಡಗುತ್ತದೆ. ಹೇಯ್ಸ್ ತಂಡ 2004ರಲ್ಲಿ ಇದನ್ನು ಪರೀಕ್ಷಿಸಿದಾಗ, ತಮ್ಮ ಬಗೆಗಿನ ಕೆಟ್ಟ ಪದ ಕೊಡುತ್ತಿದ್ದ ನೋವೂ ಅದರ ಮೇಲಿನ ನಂಬಿಕೆಯೂ ಎರಡೂ ಇಳಿದವು. ನಗು ಬಂದರೆ ಬರಲಿ. ಕೊರವಂಜಿ ಪತ್ರಿಕೆ ಕಟ್ಟಿ ಕನ್ನಡಿಗರನ್ನು ನಗಿಸಿದ ಡಾಕ್ಟರ್ ರಾಶಿಯವರೇ ಮನೋವೈದ್ಯದ ‘ಮನಮಂಥನ’ವನ್ನೂ ಬರೆದರು, ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ನಗುವೂ ಮನೋವೈದ್ಯವೂ ಒಬ್ಬ ಡಾಕ್ಟರ ಕೈಯಲ್ಲಿ ಒಟ್ಟಿಗಿದ್ದದ್ದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ. ತನ್ನ ಪೆಚ್ಚುತನಕ್ಕೆ ತಾನೇ ನಗಬಲ್ಲವನು ಅಷ್ಟರಮಟ್ಟಿಗೆ ಅದರಿಂದ ಆಚೆ ನಿಂತಿದ್ದಾನೆ.

ಒಂದು ಮೋಸ ಮಾತ್ರ ತಪ್ಪದೆ ಆಗುತ್ತದೆ. ನಾಲ್ಕು ದಿನ ಇದನ್ನು ಮಾಡಿ ಜನ ‘ಆದರೂ ಯೋಚನೆ ಹೋಗಲಿಲ್ಲ’ ಎಂದು ದೂರುತ್ತಾರೆ. ಹೋಗಲಿ ಎಂದು ಮಾಡಿದ್ದರೆ ಅದು ಹಳೆಯ ಜಗಳವೇ, ಹೊಸ ಆಯುಧದಿಂದ. ಯೋಚನೆ ಇದ್ದುಕೊಂಡೇ ಬಾಣಂತಿ ಮಗುವಿಗೆ ನೀರು ಹಾಕಿದರೆ, ‘ಫೇಲ್ ಆಗ್ತೀನಿ’ ಎಂಬ ದನಿ ಗೊಣಗುತ್ತಿರುವಾಗಲೇ ಹುಡುಗ ಮುಂದಿನ ಲೆಕ್ಕ ಬಿಡಿಸಿದರೆ, ಕೆಲಸ ಆಯಿತು.

ಈಗ ಎದ್ದು ನಿಲ್ಲುವವರು ಸಂಸ್ಕೃತಿಯ ವಕೀಲರು. ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು, ಸಾಕ್ಷೀಭಾವ ಎಂದರೆ ಇದೇ ಅನ್ನುತ್ತಾರೆ. ಒಂದೇ ಮರದ ಮೇಲೆ ಕೂತ ಎರಡು ಹಕ್ಕಿಗಳಲ್ಲಿ ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ಸುಮ್ಮನೆ ನೋಡುತ್ತದೆ ಎಂಬ ಮುಂಡಕ ಉಪನಿಷತ್ತಿನ ಚಿತ್ರ ನಿಜಕ್ಕೂ ಇದಕ್ಕೆ ಹತ್ತಿರದ್ದು. ಆದರೆ ಅದೇ ಪರಂಪರೆಯಲ್ಲಿ ಪತಂಜಲಿಯ ಪ್ರತಿಪಕ್ಷ ಭಾವನೆಯೂ ಇದೆ, ಕೆಡುಕಿನ ಯೋಚನೆ ಬಂದಾಗ ಅದಕ್ಕೆ ವಿರುದ್ಧವಾದದ್ದನ್ನು ತಂದುಕೊಳ್ಳುವುದು. ಮಜ್ಝಿಮ ನಿಕಾಯದ ಇಪ್ಪತ್ತನೆಯ ಸುತ್ತದಲ್ಲಿ ಬುದ್ಧ ಐದು ಉಪಾಯ ಹೇಳುತ್ತಾನೆ. ಮೊದಲನೆಯದು ಬದಲಿ ಯೋಚನೆ, ಮಧ್ಯದಲ್ಲಿ ಗಮನ ಕೊಡದೆ ಬಿಡುವುದು, ಉಳಿದದ್ದೆಲ್ಲ ಸೋತಾಗ ಕಟ್ಟಕಡೆಗೆ ಹಲ್ಲು ಕಚ್ಚಿ ಅದುಮುವುದು. ಇದನ್ನು ಆಧುನಿಕ ಮನೋವಿಜ್ಞಾನದ ಗಮನಕ್ಕೆ ತಂದವರು ಮೇಲೆ ಹೇಳಿದ ಪದ್ಮಲ್ ಡಿ ಸಿಲ್ವರೇ. ಹಿಂದಿನವರು ಒಂದು ಉಪಾಯಕ್ಕೆ ಜೋತುಬೀಳಲಿಲ್ಲ, ಸೋತರೆ ಏನು ಮಾಡಬೇಕೆಂದೂ ಯೋಚಿಸಿದ್ದರು. ಇಂದಿನ ಗುರುಗಳ ಬಳಿ ಸೋತವನಿಗೆ ಇರುವುದು ಅಡ್ವಾನ್ಸ್ಡ್ ಕೋರ್ಸು.

ದೂರ ನಿಲ್ಲುವ ವಿದ್ಯೆಯನ್ನೂ ನಾನು ಪವಾಡವೆಂದು ಮಾರುತ್ತಿಲ್ಲ. ಬೆಕ್ ಪದ್ಧತಿಗಿಂತ ಹೇಯ್ಸ್ ಪದ್ಧತಿ ಮೇಲು ಎಂದು ಅಧ್ಯಯನಗಳು ಸ್ಪಷ್ಟವಾಗಿ ತೋರಿಸಿಲ್ಲ. ಎರಡೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ನಿಲ್ಲುತ್ತವೆ. ತೀವ್ರ ಖಿನ್ನತೆಗೆ ಮಾತ್ರೆ ಬೇಕಾಗಬಹುದು, ಜೊತೆಗೆ ಕೂತು ಕಲಿಸುವವರು ಬೇಕಾಗಬಹುದು. ಯೋಚನೆಯನ್ನು ಪರೀಕ್ಷಿಸುವುದಕ್ಕೂ ನನ್ನ ತಕರಾರಿಲ್ಲ. ಪರೀಕ್ಷೆಯಲ್ಲಿ ಯೋಚನೆ ಪಾಸಾಗಲೂಬಹುದು. ಪಾಸಿಟಿವ್ ಪಂಥದಲ್ಲಿ ಫಲಿತಾಂಶ ಮೊದಲೇ ಪ್ರಕಟವಾಗಿರುತ್ತದೆ.

ಇನ್ನು ಈ ವಿದ್ಯೆಗೆ ಹೊಸದಾಗಿ ಗಂಟುಬಿದ್ದಿರುವ ಗಿರಾಕಿಗಳ ಮಾತು. ಬೆಂಗಳೂರಿನ ಆಫೀಸುಗಳಲ್ಲಿ ರಾತ್ರಿ ಹನ್ನೊಂದಕ್ಕೆ ಕಾಲ್ ಇಟ್ಟು, ಬೆಳಿಗ್ಗೆ ಒಂಬತ್ತಕ್ಕೆ ‘ನಿಮ್ಮ ಯೋಚನೆಗಳನ್ನು ಮೋಡಗಳಂತೆ ಗಮನಿಸಿ’ ಎಂಬ ಧ್ಯಾನದ ಕ್ಲಾಸು ಇಡುವ ಪದ್ಧತಿ ಬಂದಿದೆ. ಕೆಲಸ ಹೆಚ್ಚಾಗಿದೆ ಎಂಬುದು ಮೋಡವಲ್ಲ. ಅದು ವರದಿ, ಮ್ಯಾನೇಜರ್ ಕೈಗೆ ಹೋಗಬೇಕಾದದ್ದು. ಯಾವ ಯೋಚನೆಯಿಂದ ದೂರ ನಿಲ್ಲಬೇಕು, ಯಾವುದನ್ನು ಎತ್ತಿಕೊಂಡು ಹೊರಡಬೇಕು ಎಂಬ ಪ್ರಶ್ನೆಯನ್ನು ಬಿಟ್ಟು ಈ ವಿದ್ಯೆಯನ್ನು ಕಲಿಸುವವರೂ ತಥಾಸ್ತು ದೇವತೆಗಳ ದಾಯಾದಿಗಳೇ. ನಿಜವೋ ಸುಳ್ಳೋ ಎಂದು ಕೇಳುವುದರಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ, ಏಕೆಂದರೆ ನಿಜವಾದ ಯೋಚನೆಯೂ ಕೈಕಾಲು ಕಟ್ಟಿಹಾಕಬಲ್ಲದು. ಇದು ಹೇಳಿದಂತೆ ನಡೆದರೆ ನಾನು ಎಲ್ಲಿಗೆ ಹೋಗಿ ಮುಟ್ಟುತ್ತೇನೆ ಎಂದು ಕೇಳಬೇಕು.

ಬೆಳೆ ಕೈಕೊಟ್ಟ ರೈತನನ್ನೇ ತೆಗೆದುಕೊಳ್ಳಿ. ‘ಈ ವರ್ಷ ಸಾಲ ತೀರಿಸಲು ಆಗುವುದಿಲ್ಲ’ ಎಂಬುದು ಅವನ ತಲೆಯಲ್ಲಿ ಸುತ್ತುತ್ತಿದೆ. ಅದರ ಬೆನ್ನಿಗೇ ‘ಊರಿನಲ್ಲಿ ಮುಖ ತೋರಿಸುವ ಯೋಗ್ಯತೆ ನನಗಿಲ್ಲ’ ಎಂಬುದೂ ಸುತ್ತುತ್ತಿದೆ. ಎರಡೂ ಒಂದೇ ದನಿಯಲ್ಲಿ, ಒಂದೇ ಉಸಿರಿನಲ್ಲಿ ಬರುವುದರಿಂದ ಎರಡೂ ಒಂದೇ ಎಂದು ಅವನು ನಂಬಿದ್ದಾನೆ. ಪಾಸಿಟಿವ್ ಗುರು ಎರಡನ್ನೂ ಅಳಿಸು ಅನ್ನುತ್ತಾನೆ. ಆಫೀಸಿನ ಧ್ಯಾನದ ಮೇಷ್ಟ್ರು ಎರಡನ್ನೂ ತೇಲಿಬಿಡು ಅನ್ನುತ್ತಾನೆ. ಮೊದಲನೆಯದು ಲೆಕ್ಕ. ಅದನ್ನು ಪಾಸ್‌ಬುಕ್ಕಿನ ಸಮೇತ ಸಹಕಾರಿ ಸಂಘದ ಕಾರ್ಯದರ್ಶಿಯ ಮೇಜಿನ ಮೇಲಿಟ್ಟು ಕಂತು ಮುಂದೂಡಲು ಕೇಳಬೇಕು, ಬೆಳೆ ವಿಮೆಯ ಅರ್ಜಿ ಹಾಕಬೇಕು, ಬಡ್ಡಿ ಮನ್ನಾ ಕೇಳಿ ಸಂಘಟನೆಯವರ ಜೊತೆ ತಾಲ್ಲೂಕು ಕಚೇರಿಯ ಮುಂದೆ ಕೂರಬೇಕು. ಎರಡನೆಯದನ್ನು ಹಿಡಿದುಕೊಂಡು ಹೋಗಿ ಕೊಡಬಹುದಾದ ಕಚೇರಿ ಯಾವ ಊರಿನಲ್ಲೂ ಇಲ್ಲ. ಅದು ಬಾಯಿ ಮಾಡುತ್ತಿರುವಾಗಲೇ ಅವನು ಅಂಗಿ ತೊಟ್ಟು ಸಂಘದ ಕಡೆಗೆ ನಡೆಯುವಂತಾಗಬೇಕು. ಕಲಿಸಬೇಕಾದದ್ದು ಅಷ್ಟು. ಅದನ್ನು ಕಲಿಸಲು ಸಭಾಂಗಣವೂ ಬೇಡ, ಕೆನ್ನೆಗೆ ಅಂಟಿಸಿದ ಮೈಕೂ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಆಪ್ತಸಮಾಲೋಚಕರ ಹುದ್ದೆ ಮಂಜೂರಾಗಿ, ಅದು ಖಾಲಿ ಬೀಳದಿದ್ದರೆ ಸಾಕು.